ಕಾಕೂನ ಅಟ್ಟದ ಮೇಲಿನ ಬಾಟಲಿಗಳು

ನನ್ನ ತಮ್ಮನ ಮಗಳು ಗೋಕಾಕದಲ್ಲಿ ಮನೆ ಮಾಡಿಕೊಂಡಿದ್ದಾಳೆ. ಮಾಳಿಗೆಯ ಮೇಲೆ ಹಳೆಯ ಬಕೀಟುಗಳಲ್ಲಿ, ಸಿಮೆಂಟಿನ ಚೀಲಗಳಲ್ಲಿ ಟೊಮೆಟೊ ಹಚ್ಚಿದ್ದಾಳೆ. ಈ ಸಲ ಚಳಿ ಮುಗಿಯುವ ಹೊತ್ತಿಗೆ ನಾನು ಹೋದಾಗ ಎಲ್ಲವೂ ಒಮ್ಮೆಲೇ ಹಣ್ಣಾಗಿ, ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ದೊಡ್ಡ ಪಾತೇಲಿಯಲ್ಲಿ ಹಣ್ಣು ಕುದಿಸಿ, ಸೋಸಿ, ಆರಿಸಿ, ಚೀಲಗಳಿಗೆ ತುಂಬಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದರ ಮೇಲೊಂದು ಹೇರುತ್ತಿದ್ದಳು.

"ಅತ್ತೀ, ಇನ್ನ ಮಳಿಗಾಲದತನಕ ಚಿಂತಿಲ್ಲ ನೋಡ್ರಿ. ನಿಮ್ಮ ಕಾಲದಾಗ ಹಿಂಗ ಕಾಯ್ದಿಡಾಕ ಎಲ್ಲಿ ಬರತಿತ್ತು?" ಎಂದಳು.

ಬರುತ್ತಿತ್ತು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಪಾತೇಲಿಯಿಂದ ಎದ್ದ ಹುಳಿಹುಳಿ ಬಿಸಿ ಹಬೆ ಮುಖಕ್ಕೆ ಬಡಿಯಿತು. ಯಮಕನಮರಡಿಯ ಹಿತ್ತಲು, ಮೂರು ಕಲ್ಲಿನ ಮೇಲೆ ಕೂತ ತಾಮ್ರದ ಹಂಡೆ, ಕರಗಿದ ಮೇಣದ ವಾಸನೆ, ಸುತ್ತ ಕೂತ ಹೆಂಗಸರ ನಗು ಎಲ್ಲ ಕಣ್ಣ ಮುಂದೆ ಬಂದವು. ನಾನು ಅಲ್ಲೇ ಮಣೆ ಎಳೆದುಕೊಂಡು ಕೂತುಬಿಟ್ಟೆ.

ನಾನು ಗ್ರಾಮಸೇವಿಕೆಯಾಗಿದ್ದೆ. ಕುಲಗೋಡ, ನಾಗನೂರ ಎಂದು ಎಲ್ಲೆಲ್ಲೋ ತಿರುಗಿ ಕೆಲಸ ಮಾಡಿ ನಿವೃತ್ತಳಾದೆ. ಆದರೆ ಮೊದಲ ನೇಮಕದ ಊರು ಯಮಕನಮರಡಿ. ಕನ್ನಡದ ಜಿಲ್ಲೆಗಳೆಲ್ಲ ಒಂದು ರಾಜ್ಯವಾಗಿ ಮೂರ್ನಾಲ್ಕು ವರ್ಷ ಕಳೆದಿದ್ದ ಕಾಲ. ಧಾರವಾಡದಲ್ಲಿ ತರಬೇತಿ ಮುಗಿಸಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹಣ್ಣು ಕಾಯ್ದಿಡುವುದನ್ನು ಕಲಿಸಲು ಸರಕಾರ ಕೊಟ್ಟ ಎರಡು ಪೆಟ್ಟಿಗೆ ಗಾಜಿನ ಬಾಟಲಿಗಳ ಜೊತೆ ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದು ಇಳಿದೆ. ಬಾಟಲಿಗಳು ದಾರಿಯುದ್ದಕ್ಕೂ ಖಣಖಣ ಅಂದಿದ್ದರಿಂದ, ಇವಳು ಬಳೆ ಮಾರುವವಳು ಅಂತ ಬಸ್ಸಿನಲ್ಲಿ ಕೆಲವರು ತಿಳಿದುಕೊಂಡಿದ್ದರು.

ಊರಲ್ಲಿ ಒಂಟಿ ಹೆಣ್ಣುಮಗಳಿಗೆ ಕೋಣೆ ಸಿಗುವುದು ಸುಲಭವಿರಲಿಲ್ಲ. ಕೊನೆಗೆ ಯಾರೋ ರತ್ನವ್ವ ಎಂಬವರ ಮನೆ ತೋರಿಸಿದರು. ಊರಿಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ. ಕಾಕೂ ಜೈನರ ಪೈಕಿ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ ಭರಮಪ್ಪನದು ಹೆದ್ದಾರಿಯ ಮೇಲೆ ಕಿರಾಣಿ ಅಂಗಡಿ. ಸೊಸೆ ಸುನಂದಾ ಕೊಲ್ಹಾಪುರದ ಕಡೆಯವಳು, ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಹಿತ್ತಲಿಗೆ ಬಾಗಿಲಿದ್ದ ಒಂದು ಕೋಣೆಯನ್ನು ಬಾಡಿಗೆಗೆ ಕೊಡಬಹುದೇ ಎಂದು ಕೇಳಿದಾಗ ಕಾಕೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರದು ಸಣ್ಣ ಮೈಕಟ್ಟು, ಬಿಳಿ ಸೀರೆ, ಮೂಗಿನ ಮೇಲೆ ಜಾರುವ ಕನ್ನಡಕ.

"ಯಾವ ಪೈಕಿ ತಂಗಿ ನೀ?"

ಈ ಪ್ರಶ್ನೆಗೆ ನಮ್ಮಪ್ಪ ನನಗೆ ಉತ್ತರ ಕಲಿಸಿ ಕಳಿಸಿದ್ದ. ಅಪ್ಪ ಗೋಕಾಕದಲ್ಲಿ ಗಿರಣಿ ಕೆಲಸ ಮಾಡುತ್ತಿದ್ದ. ಊರ ಹೊರಗಿನ ಕೇರಿಯವರು ನಾವು. ಅಪ್ಪ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದ ಮೇಲೆ ನಮ್ಮ ಮನೆಯಲ್ಲಿ ಜಾತಿಯ ಹಳೆಯ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಕೇಳಿದರೆ ಬೌದ್ಧರು ಅನ್ನು, ತಲೆ ಎತ್ತಿ ಅನ್ನು ಎಂದು ಹೇಳಿದ್ದ.

"ಬೌದ್ಧರ್ರಿ ಕಾಕೂ."

ಕಾಕೂ ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು. "ಬುದ್ಧ ಅಂದ್ರ ನಮ್ಮ ಮಹಾವೀರ ಸ್ವಾಮಿಗಳ ಕಾಲದಾಗ ಇದ್ದವರಲ್ಲ? ಅವರೂ ಜೀವಹಿಂಸಾ ಬ್ಯಾಡ ಅಂದವರ. ಹಂಗಾರ ನಮ್ಮ ಬಾಜೂ ಮನಿಯವರ ಆದ್ರಿ ಬಿಡು. ನೀರ ಸೋಸಿ ಕುಡೀತಿ?"

"ಸೋಸಿ ಕುಡೀತೇನ್ರಿ."

"ಮತ್ತೇನ, ಟ್ರಂಕ ಒಳಗ ತಗೊಂಡ ಬಾ."

ನಾನು ಸುಳ್ಳು ಹೇಳಿರಲಿಲ್ಲ. ಕಾಕೂ ಹೇಳಿದ್ದೂ ಸುಳ್ಳಲ್ಲ. ಆದರೂ ಅವರು ಮುಂದೆ ಏನಾದರೂ ಕೇಳುವ ಮೊದಲೇ ಟ್ರಂಕನ್ನು ಬೇಗ ಬೇಗ ಒಳಗೆಳೆದುಕೊಂಡದ್ದು ನೆನಪಿದೆ.

ಕಾಕೂನ ಹಿತ್ತಲು ಆ ಓಣಿಗೇ ಹೆಸರಾದದ್ದು. ಬಾವಿ, ಬಾವಿಯ ಪಕ್ಕ ನಿಂಬೆ, ಗೋಡೆಗೆ ಹತ್ತಿ ಎರಡು ಮಾವಿನ ಮರ, ನಡುವೆ ಕಾಯಿಪಲ್ಲೆಯ ಮಡಿಗಳು. ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೆ ಕಾಕೂ ಮಧ್ಯಾಹ್ನದವರೆಗೆ ಅಲ್ಲೇ. ಆ ವರ್ಷ ಭರಮಪ್ಪ ಸಂಕೇಶ್ವರದ ಪೇಟೆಗೆ ಕಳಿಸಬಹುದೆಂದು ಟೊಮೆಟೊ ಹಚ್ಚಿಸಿದ್ದ. ಆಗ ಹಿರಿಯರೆಲ್ಲ ಅದನ್ನು ಚಪ್ಪರಬದನಿ ಎನ್ನುತ್ತಿದ್ದರು. ಬಹಳ ಮನೆಗಳಲ್ಲಿ ಅದನ್ನು ಒಲೆಯ ಹತ್ತಿರ ಬಿಡುತ್ತಲೂ ಇರಲಿಲ್ಲ, ಬಣ್ಣ ನೋಡಿ ಅಸಹ್ಯಪಡುತ್ತಿದ್ದರು. ಕಾಕೂ ಕೂಡ ತಿನ್ನುತ್ತಿರಲಿಲ್ಲ. ಅದರಲ್ಲಿ ಬೀಜ ಬಹಳ, ಅಷ್ಟೂ ಜೀವ ಎನ್ನುತ್ತಿದ್ದರು. ಆದರೆ ಗಿಡಕ್ಕೆ ನೀರುಣಿಸುವುದರಲ್ಲಿ, ಕೋಲು ಕಟ್ಟುವುದರಲ್ಲಿ ಮಾತ್ರ ಕಡಿಮೆ ಮಾಡಲಿಲ್ಲ.

ಶಿವರಾತ್ರಿ ಮುಗಿಯುವ ಹೊತ್ತಿಗೆ ಊರಲ್ಲೆಲ್ಲ ಅದೇ ಹಣ್ಣು. ಎಲ್ಲರೂ ಹಚ್ಚಿದ್ದರು, ಎಲ್ಲರ ಹಿತ್ತಲಲ್ಲೂ ಒಮ್ಮೆಲೇ ಕೆಂಪಾಗಿತ್ತು. ಸಂಕೇಶ್ವರದ ವ್ಯಾಪಾರಿ ಬುಟ್ಟಿ ಇಳಿಸಿಕೊಳ್ಳಲೇ ಇಲ್ಲ. ಒಂದು ಮಧ್ಯಾಹ್ನ ನಾನು ಕೋಣೆಗೆ ಬಂದಾಗ ಕಾಕೂ ಎಮ್ಮೆಯ ಮುಂದೆ ಬುಟ್ಟಿ ಸುರಿದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನೋಡವಾ, ಎಮ್ಮೀನೂ ಮೂತಿ ತಿರುವತೈತಿ. ದೇವರ ಕೊಟ್ಟದ್ದ ತಿಪ್ಪಿಗೆ ಹಾಕೂದಂದ್ರ ನನ್ನ ಹೊಟ್ಟ್ಯಾಗ ಸಂಕಟ ಆಗತೈತಿ."

"ಕಾಕೂ, ನಿಮ್ಮ ಹಂಡೆ ಒಂದ ಕೊಡ್ರಿ. ಇದನ್ನ ಮಳಿಗಾಲದತನಕ ಇಟ್ಟ ತೋರಸ್ತೇನಿ."

"ಮಳಿಗಾಲದತನಕ? ನಾ ನಿನ್ನಿ ಮಾಡಿದ ಪಲ್ಲೆ ಇವತ್ತ ಮುಟ್ಟಾಂಗಿಲ್ಲ, ಗೊತ್ತೈತಿಲ್ಲ ನಿನಗ?"

ಗೊತ್ತಿತ್ತು. ಕಾಕೂ ವ್ರತದವರು. ಹಿಂದಿನ ದಿನದ್ದು ಉಣ್ಣುತ್ತಿರಲಿಲ್ಲ, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಹನಿ ನೀರೂ ಇಲ್ಲ, ಉಪ್ಪಿನಕಾಯಿಯ ಭರಣಿಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. "ನಿಮಗಲ್ರಿ ಕಾಕೂ," ಎಂದೆ, "ಮನ್ಯಾಗ ಉಣ್ಣಾವರಿಗೆ, ಆಳಮಕ್ಕಳಿಗೆ." ಕಾಕೂ ಒಂದು ಕ್ಷಣ ಎಮ್ಮೆಯನ್ನು ನೋಡಿದರು, ಹಣ್ಣನ್ನು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಡೆ ತರಲು ತಾವೇ ಹೋದರು.

ಹಾಗೆ ಶುರುವಾಯಿತು ನಮ್ಮ ಬಾಟಲಿ ಅಡಿಗೆ. ಹೆಸರು ಇಟ್ಟವಳು ಪಕ್ಕದ ಮನೆಯ ಗಂಗವ್ವ. ಲಿಂಗಾಯತರ ದೊಡ್ಡ ಸಂಸಾರದ ಹಿರಿಯ ಸೊಸೆ, ದಪ್ಪ ದನಿ, ಬಾಯಲ್ಲಿ ಸದಾ ಎಲೆ ಅಡಿಕೆ. ಊರಿನ ಯಾವ ಸುದ್ದಿಯೂ ಅವಳ ಕಟ್ಟೆಯನ್ನು ದಾಟದೆ ಮುಂದೆ ಹೋಗುತ್ತಿರಲಿಲ್ಲ. ಮೊದಲ ದಿನ ನಾನು ಹಂಡೆಯ ತಳಕ್ಕೆ ಹಳೆಯ ಸೀರೆ ಹಾಸಿ, ಬಾಟಲಿಗಳನ್ನು ಕುದಿಯುವ ನೀರಲ್ಲಿಟ್ಟು, ಚಿಮಟಿಯಿಂದ ಒಂದೊಂದಾಗಿ ಎತ್ತಿ ಬಿಳಿ ಅರಿವೆಯ ಮೇಲೆ ಬೋರಲು ಹಾಕುತ್ತಿದ್ದರೆ ಅವಳು ಗೋಡೆಯ ಆಚೆಯಿಂದ ಇಣುಕಿ ಕೂಗಿದಳು:

"ಏ, ಬರ್ರೆಲೇ ಇಲ್ಲಿ, ಅಕ್ಕೋರು ಬಾಟ್ಲಿಗೆ ಬಾಣಂತನ ಮಾಡಾಕತ್ತಾರ! ಬಿಸಿನೀರ ಎರದ ಅರಿವ್ಯಾಗ ಮಲಗಸ್ಯಾರ!"

ಆ ಒಂದು ಮಾತಿಗೆ ನಗಲು ಬಂದವರು ಹಿತ್ತಲು ತುಂಬಿದರು. ನಾನು ತರಬೇತಿಯಲ್ಲಿ ಕಲಿತ ಭಾಷಣವನ್ನೆಲ್ಲ ಮರೆತು, ಕೈಗೆ ಚಾಕು ಕೊಟ್ಟು ಹಣ್ಣು ಹೆಚ್ಚಲು ಕೂಡಿಸಿದೆ. ಹಣ್ಣು ಕುದಿಸಿ, ಸಿಪ್ಪೆ ಬೀಜ ಸೋಸಿ, ಉಪ್ಪು ನಿಂಬೆರಸ ಬೆರೆಸಿ, ಬಿಸಿಬಿಸಿ ಇದ್ದಾಗಲೇ ಬಿಸಿ ಬಾಟಲಿಗೆ ತುಂಬುವುದು. ಮುಚ್ಚಳ ಹಾಕಿ ಮತ್ತೆ ಹಂಡೆಯೊಳಗೆ ಕುದಿಸುವುದು. ಎತ್ತಿ ಆರಿದ ಮೇಲೆ ಬಾಯಿಯ ಸುತ್ತ ಕರಗಿದ ಮೇಣ ಸುರಿದು ಗಾಳಿಯಾಡದಂತೆ ಮಾಡುವುದು. ಗಂಗವ್ವನ ಅವಸರದಿಂದ ಒಂದು ಬಾಟಲಿಯನ್ನು ಬಿಸಿ ಮಾಡದೆ ತುಂಬಿದೆವು. ಅದು ಠಪ್ ಎಂದು ಎರಡು ಹೋಳಾಗಿ ಅವಳ ಸೀರೆಯ ಮೇಲೆ ಕೆಂಪು ಚೆಲ್ಲಿತು. ಅವಳು ಬೆಚ್ಚಿಬಿದ್ದು ಕೂಗಿದ್ದಕ್ಕೆ ಭರಮಪ್ಪ ಅಂಗಡಿಯಿಂದ ಓಡಿ ಬಂದ. ಆ ಸೀರೆಯ ಕಲೆಯನ್ನು ಅವಳು ಬಹಳ ದಿನ ಎಲ್ಲರಿಗೂ ತೋರಿಸುತ್ತ ತಿರುಗಿದಳು.

ಬೇಸಿಗೆಯಲ್ಲಿ ಮಾವು ಬಂತು. ಕಾಕೂನ ಮರದ ಹಣ್ಣು ಸಣ್ಣವು, ನಾರಿನವು, ಆದರೆ ವಾಸನೆ ಓಣಿಯ ಆ ತುದಿಗೆ ಹೋಗುವಂಥದು. ಸುನಂದಾ ರಸ ಹಿಂಡಿದಳು, ನಾನು ಸಕ್ಕರೆ ಹಾಕಿ ಕುದಿಸಿದೆ, ಕಾಕೂ ಮೇಣ ಕರಗಿಸಿದರು. ಮೇಣ ಸುರಿಯುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಕೈ ಅಷ್ಟು ಸ್ಥಿರ. "ತಿನ್ನಾವರ ತಿನ್ನಲಿ, ಮುಚ್ಚೂದ ನನಗ ಬಿಡ್ರಿ" ಎನ್ನುತ್ತಿದ್ದರು.

ತುಂಬಿದ ಬಾಟಲಿಗಳನ್ನು ತಂಪಾದ ಕತ್ತಲೆಯ ಜಾಗದಲ್ಲಿ ಇಡಬೇಕಾಗಿತ್ತು. ಅಂಥ ಜಾಗ ಕಾಕೂನ ಅಟ್ಟ ಒಂದೇ. ಹೀಗಾಗಿ ಎಲ್ಲರ ಬಾಟಲಿಗಳೂ ಅಲ್ಲೇ ಸೇರಿದವು. ಯಾರದು ಯಾವುದು ಎಂದು ಗೊತ್ತಾಗಬೇಕಲ್ಲ. ಒಬ್ಬೊಬ್ಬಳು ತನ್ನ ಹಳೆಯ ಸೀರೆಯ ಅಂಚನ್ನು ಹರಿದು ತನ್ನ ಬಾಟಲಿಗಳ ಕೊರಳಿಗೆ ಕಟ್ಟಿದಳು. ಗಂಗವ್ವನದು ಕೆಂಪು ಬಣ್ಣದ ಇಳಕಲ್ಲಿನ ಅಂಚು, ಸುನಂದಾಳದು ಹಸಿರು. ಏಣಿ ಹತ್ತಿ ನೋಡಿದರೆ ಅಟ್ಟದ ಮೇಲೆ ಸಣ್ಣ ಸಣ್ಣ ಹೆಂಗಸರು ಸೆರಗು ಹೊದ್ದು ಸಾಲಾಗಿ ಕೂತ ಹಾಗೆ ಕಾಣುತ್ತಿತ್ತು.

ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಕಾಕೂ ನನ್ನ ಕೋಣೆಯ ಹೊಸ್ತಿಲ ಹತ್ತಿರ ಬಂದು ಕೂಡುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಮ್ಮವ್ವ ಹೇಗಿದ್ದಾಳೆ, ತಮ್ಮ ಎಷ್ಟನೇ ಇಯತ್ತೆ, ಧಾರವಾಡದ ಮಳೆ ಹೇಗೆ ಎಂದು ಕೇಳುತ್ತಿದ್ದರು. ನನ್ನ ಕೂದಲು ಒಣಗಿದೆ ಎಂದು ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕುತ್ತಿದ್ದರು. ಮನೆ ಬಿಟ್ಟು ಬಂದವಳಿಗೆ ಆ ಕೈ ಎಷ್ಟು ಹಿತವಾಗಿತ್ತೆಂದರೆ, ಎಣ್ಣೆ ಹಚ್ಚುವಾಗ ನಾನು ಕೂತಲ್ಲೇ ತೂಕಡಿಸುತ್ತಿದ್ದೆ.

ಮೊದಲ ಮಳೆ ಬಿದ್ದ ವಾರ ಅಪ್ಪ ನನ್ನನ್ನು ನೋಡಲು ಬಂದ. ಹುಕ್ಕೇರಿಯಲ್ಲಿ ಬಸ್ ಬದಲಿಸಿ, ಕೈಯಲ್ಲಿ ಕರದಂಟಿನ ಪುಡಿಕೆ ಹಿಡಿದು, ಕೆಸರಾಗದಂತೆ ಧೋತರ ಎತ್ತಿಕೊಂಡು ಬಂದ. ದಾರಿ ಕೇಳುವಾಗ ಬಸ್ಸು ನಿಲ್ಲುವಲ್ಲಿ ಅವನ ಜೊತೆ ಹಿಂದೆ ಗಿರಣಿಯಲ್ಲಿದ್ದ ಒಬ್ಬ ಲಾರಿ ಡ್ರೈವರ್ ಸಿಕ್ಕಿ ಹೆಸರು ಹಿಡಿದು ಮಾತಾಡಿಸಿದನಂತೆ, ಕೇರಿಯ ಮಂದಿಯೆಲ್ಲ ಹೇಗಿದ್ದಾರೆ ಎಂದು ಗಟ್ಟಿಯಾಗಿ ಕೇಳಿದನಂತೆ. ಅಷ್ಟೇ ಸಾಕಾಯಿತು. ಅಪ್ಪ ಓಣಿ ಸೇರುವ ಮೊದಲೇ ನಾವು ಯಾವ ಕೇರಿಯವರೆಂಬ ಸುದ್ದಿ ಗಂಗವ್ವನ ಕಟ್ಟೆಗೆ ಬಂದಿತ್ತು.

ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ನಾನು ಒಳಗೆ ಬಾ ಎಂದರೂ, ಕಾಲು ಕೆಸರಾಗಿದೆ ಎಂದು ಅಲ್ಲೇ ಕೂತ. ನೀರು ಕೇಳಿದ. ನಾನು ನನ್ನ ಕೋಣೆಗೆ ಓಡುವಷ್ಟರಲ್ಲಿ ಕಾಕೂ ತಾವೇ ತಂಬಿಗೆ ತಂದರು. ಒಂದು ಕ್ಷಣ ನಿಂತರು. ಅಪ್ಪನೂ ಒಂದು ಕ್ಷಣ ನೋಡಿದ. ಆಮೇಲೆ, ಯಾರೂ ಹೇಳದೆಯೇ, ಬಹಳ ವರ್ಷಗಳ ರೂಢಿಯಂತೆ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದ. ಕಾಕೂ ಮೇಲಿಂದ ನೀರು ಎರೆದರು. ಅಪ್ಪ ಕುಡಿದು, ಮುಖ ಒರೆಸಿಕೊಂಡು, "ಭಾಳ ತಂಪ ಅದಾವ್ರಿ ನೀರ" ಅಂದ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ತಲೆ ಎತ್ತಿ ಹೇಳು ಎಂದು ನನಗೆ ಕಲಿಸಿದ್ದ ಅಪ್ಪ ತಲೆ ತಗ್ಗಿಸಿ ಬೊಗಸೆ ಒಡ್ಡಿದ್ದನ್ನು ನೋಡಿದೆ. ಸಂಜೆ ಬಸ್ಸಿಗೆ ಹತ್ತಿಸುವಾಗ ಕೇಳಿದೆ, ಯಾಕೆ ಅಂತ. ಅಪ್ಪ ನಕ್ಕ. "ನೀ ಇಲ್ಲಿ ಇರಬೇಕವಾ. ನಾ ಹೋಗಾವ. ನನ್ನ ಸಲುವಾಗಿ ನಿನ್ನ ಕ್ವಾಣಿ ಹೋಗೂದ ಬ್ಯಾಡ."

ಕೋಣೆ ಹೋಗಲಿಲ್ಲ. ಕಾಕೂ ಖಾಲಿ ಮಾಡು ಎನ್ನಲಿಲ್ಲ, ಒಂದು ಬಿರುಸು ಮಾತೂ ಆಡಲಿಲ್ಲ. ಆದರೆ ಆ ಸಂಜೆ ನನ್ನ ಹೊಸ್ತಿಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಿತ್ತಲಲ್ಲಿ ಎದುರಾದರೆ, "ಮಳಿ ಬಿಡವಲ್ದು ನೋಡು" ಎಂದು ಆಕಾಶ ನೋಡಿ ಒಳಗೆ ಹೋಗುತ್ತಿದ್ದರು. ಮಂಗಳವಾರ ಮಂಗಳವಾರ ನಾನು ನಡೆಸುತ್ತಿದ್ದ ತರಗತಿಗೆ ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳ ಮನೆಯಲ್ಲಿ ನೆಂಟರು ಬಂದರು, ಇನ್ನೊಬ್ಬಳಿಗೆ ಸೊಂಟ ನೋವು ಬಂತು. ಕೊನೆಗೆ ಯಾರೂ ಬರಲಿಲ್ಲ. ಗಂಗವ್ವ ಮಾತ್ರ ಗೋಡೆಯ ಆಚೆಯಿಂದ ನೇರವಾಗಿ ಹೇಳಿದಳು, ಅವಳ ಸ್ವಭಾವವೇ ಅದು:

"ಅಕ್ಕೋರ, ನಿಮ್ಮ ಮ್ಯಾಲ ನನಗೇನ ಸಿಟ್ಟಿಲ್ರಿ. ಖರೆ ಹೇಳ್ತೇನಿ, ನಿಮ್ಮ ಮಾತ ಕೇಳದ ನನಗ ಹೊತ್ತ ಹೋಗವಲ್ದು. ಆದ್ರ ನಮ್ಮ ಅತ್ತಿ ಆ ಬಾಟ್ಲಿ ಮನ್ಯಾಗ ತಂದ್ರ ಕಾಲ ಮುರೀತೇನಿ ಅಂದಾಳ್ರಿ."

ಬಾಟಲಿಗಳು ಅಟ್ಟದ ಮೇಲೇ ಉಳಿದವು. ಹಣ್ಣು ಅವರ ಹಿತ್ತಲದ್ದೇ, ಹೆಚ್ಚಿದ್ದು ಅವರೇ, ಕೊರಳಿಗೆ ಕಟ್ಟಿದ ಚಿಂದಿ ಅವರ ಸೀರೆಯದೇ. ತುಂಬುವಾಗ ಸವಟು ಹಿಡಿದ ಕೈ ಮಾತ್ರ ನನ್ನದು.

ಆ ವರ್ಷದ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಹೊಳೆ ತುಂಬಿ ಎರಡು ಸಲ ಹುಕ್ಕೇರಿಯ ಬಸ್ಸು ನಿಂತಿತು. ಹಿತ್ತಲ ಮಡಿಗಳು ಕೊಳೆತವು. ಪೇಟೆಯಲ್ಲಿ ಬಾಡಿದ ಬದನೆಕಾಯಿಗೂ ಜಗಳ. ಓಣಿಯವರೆಲ್ಲ ಬೇಳೆ, ಪುಂಡಿಯ ಒಣ ಎಲೆ, ಖಾರ ತಿಂದು ದಿನ ತಳ್ಳಿದರು. ತಲೆಯ ಮೇಲೆ ಅಟ್ಟದ ತುಂಬ ಬೇಸಿಗೆ ಕೂತಿತ್ತು. ಒಂದು ಮಧ್ಯಾಹ್ನ ಸರಿಯಾಗಿ ಮುಚ್ಚದ ಒಂದು ಬಾಟಲಿ ಹುಳಿತು, ಢಂ ಎಂದು ಮುಚ್ಚಳ ಹಾರಿಸಿತು. ಮನೆಮಂದಿಯೆಲ್ಲ ಬೆಚ್ಚಿದರು. ಗಂಗವ್ವ ಆಚೆಯಿಂದ, "ನೋಡ್ರಿ, ಬಾಟ್ಲಿಗೂ ಸಿಟ್ಟ ಬಂದೈತಿ!" ಎಂದು ಕೂಗಿದಳು. ನಾನು ಏಣಿ ಹತ್ತಿ ಕೆಟ್ಟದ್ದನ್ನು ಎತ್ತಿ ತಿಪ್ಪೆಯಲ್ಲಿ ಹುಗಿದು, ಉಳಿದವನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಚೆನ್ನಾಗಿದ್ದವು. ಇಷ್ಟು ಚೆನ್ನಾಗಿವೆಯಲ್ಲ ಎಂದು ಅಟ್ಟದ ಕತ್ತಲೆಯಲ್ಲಿ ಕೂತು ಅತ್ತೆ. ಕುಲಗೋಡದ ಕಡೆ ಒಂದು ಜಾಗ ಖಾಲಿ ಇದೆ ಎಂದು ಕೇಳಿದ್ದೆ. ಅಲ್ಲಿಗೆ ವರ್ಗ ಕೇಳಿಬಿಡೋಣ ಎಂದು ಅವತ್ತು ಮನಸ್ಸು ಗಟ್ಟಿ ಮಾಡಿದೆ.

ಸುನಂದಾ ಆಗ ಬಸುರಿ. ಮೊದಲನೆಯದು ಮೂರು ತಿಂಗಳಲ್ಲೇ ಹೋಗಿತ್ತು, ಇದು ಎರಡನೆಯದು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೂ ವಾಂತಿ, ನೀರು ಕುಡಿದರೂ ವಾಂತಿ. ಹುಕ್ಕೇರಿಯಿಂದ ಬಂದ ಡಾಕ್ಟರರು ಒಂದು ಔಷಧ ಕೊಟ್ಟು, ಏನಾದರೂ ಹೊಟ್ಟೆಗೆ ಹೋಗಲೇಬೇಕು, ಅವಳು ಏನು ಬೇಡುತ್ತಾಳೋ ಕೊಡಿ ಎಂದು ಹೇಳಿ ಹೋದರು. ಆಮೇಲೆ ಹೊಳೆ ತುಂಬಿ ಬಸ್ಸೇ ನಿಂತಿತು. ಗೋಡೆಯ ಈಚೆ ಕೂತು ಅವಳ ನರಳಾಟ ಕೇಳುತ್ತಿದ್ದೆ. ಹೋಗಿ ನೋಡಬೇಕೆನಿಸುತ್ತಿತ್ತು, ಕರೆಯದೆ ಹೋಗುವುದು ಹೇಗೆಂದು ಬಾಗಿಲವರೆಗೆ ಹೋಗಿ ಹಿಂದೆ ಬರುತ್ತಿದ್ದೆ.

ಒಂದು ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ಕಾಕೂ ನಿಂತಿದ್ದರು. ಮಳೆಯಲ್ಲಿ ನೆನೆದ ಸೆರಗು, ಕನ್ನಡಕದ ತುಂಬ ಹನಿ.

"ಶಾಂತಾ, ಸುನಂದಾ ಮಾವಿನಹಣ್ಣ ಬೇಡಾಕತ್ತಾಳ."

ನಾನು ಎದ್ದು ಬಾಗಿಲಿಗೆ ಬಂದೆ.

"ಅಟ್ಟದ ಮ್ಯಾಲಿನ ಬಾಟ್ಲಿ ತಗೀಬೇಕಾಗೇತಿ."

"ತಗೋಳ್ರಿ ಕಾಕೂ. ನಿಮ್ಮ ಗಿಡದ ಹಣ್ಣ. ನನ್ನ ಯಾಕ ಕೇಳ್ತೀರಿ?"

"ಹಣ್ಣ ನಂದು," ಎಂದರು ಕಾಕೂ. "ಕೈ ನಿಂದು. ಅದಕ್ಕ ಕೇಳಾಕ ಬಂದೇನಿ."

ಏಣಿ ಹಿಡಿದು ನಿಂತವರು ಅವರು, ಹತ್ತಿದವಳು ನಾನು. ಹಸಿರು ಚಿಂದಿಯ ಬಾಟಲಿ ತಂದು ಮೇಣ ಕೆತ್ತಿ ಮುಚ್ಚಳ ತಿರುಗಿಸಿದೆ. ಫಸ್ ಎಂದು ಸಣ್ಣ ಸದ್ದು ಬಂತು. ಅದರ ಹಿಂದೆಯೇ ಆ ತೇವ ಮೆತ್ತಿದ ಕೋಣೆಯಲ್ಲೆಲ್ಲ ಮಾವಿನ ವಾಸನೆ ಹರಡಿತು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಸುನಂದಾ ಹೊರಳಿದಳು.

"ಆಂಬಾ?" ಎಂದಳು ಮರಾಠಿಯಲ್ಲಿ, ನಂಬಿಕೆಯಿಲ್ಲದೆ.

ಒಂದು ಚಮಚೆ ತಾನೇ ತಿಂದಳು. ಕಾದೆವು. ಇನ್ನೊಂದು ತಿಂದಳು. ಕಾಕೂ ಬಚ್ಚಲ ಕಡೆಯ ತಪೇಲಿಯನ್ನು ಹತ್ತಿರ ಎಳೆದುಕೊಂಡು ಕೂತಿದ್ದರು, ಅದು ಬೇಕಾಗಲೇ ಇಲ್ಲ. ಬಟ್ಟಲು ಬರಿದಾದ ಮೇಲೆ ಸುನಂದಾ ಬೆರಳಿನಿಂದ ಅಂಚು ಸವರಿ ನೆಕ್ಕಿದಳು. ಬಹಳ ದಿನಗಳ ಮೇಲೆ ಕಾಕೂ ನಕ್ಕದ್ದನ್ನು ನೋಡಿದೆ.

"ಅಕ್ಕೋರ, ನಾಳಿಗೂ ಐತಿ?" ಎಂದು ಕೇಳಿದಳು ಸುನಂದಾ.

"ಶ್ರಾವಣ ಮುಗಿಯೂತನಕ ಐತಿ," ಎಂದೆ.

ಸುದ್ದಿ ಪಕ್ಕದ ಕಟ್ಟೆ ಮುಟ್ಟಲು ಎಷ್ಟು ಹೊತ್ತು? ಬಸುರಿಯ ಬಯಕೆಗೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಅದನ್ನೇ ಎಲ್ಲರೂ ಹಿಡಿದುಕೊಂಡರು. ಗಂಗವ್ವ ಮರುದಿನವೇ ಬಂದಳು. ಮನೆಯಲ್ಲಿ ಅತ್ತೆಗೆ ಬಾಯಿ ಕೆಟ್ಟಿದೆ, ಕಾಯಿಪಲ್ಲೆ ಇಲ್ಲದೆ ಎಲ್ಲರ ಮುಖ ಸಪ್ಪಗಾಗಿದೆ ಎಂದೆಲ್ಲ ಸುತ್ತಿ ಬಳಸಿ ಹೇಳಿ, ಕೊನೆಗೆ ಅಟ್ಟದ ಕಡೆ ಗದ್ದ ತೋರಿಸಿದಳು. "ಅದು ನನ್ನ ಇಳಕಲ್ಲ ಸೀರಿ ಅಂಚ ನೋಡ್ರಿ ಅಕ್ಕೋರ. ಸೀರಿ ಅಂತೂ ಕಲಿ ಆತು, ಬಾಟ್ಲಿಯರ ಬರಲಿ ಮನಿಗೆ." ಅವಳ ಅತ್ತೆ ಕಾಲು ಮುರಿಯಲಿಲ್ಲ. ಟೊಮೆಟೊ ಸಾರಿಗೆ ಎರಡನೆಯ ಸಲ ಬಟ್ಟಲು ಒಡ್ಡಿದಳಂತೆ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಕೆಲವರು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು, ಕೆಲವರು ಕೈಯಲ್ಲಿ ಹಿಡಿದು ರಾಜಾರೋಷವಾಗಿ ಒಯ್ದರು. ಅಟ್ಟ ಬರಿದಾಯಿತು. ನಾನು ವರ್ಗ ಕೇಳುವುದನ್ನು ಮುಂದೆ ಹಾಕಿದೆ.

ಆದರೆ ಕಾಕೂ? ಅವರು ಬಾಟಲಿಯಲ್ಲಿನ ಒಂದು ಹನಿಯನ್ನೂ ಮುಟ್ಟಲಿಲ್ಲ. ಅದು ಅವರ ವ್ರತ, ನನಗೆ ಗೊತ್ತಿತ್ತು. ಸ್ವಂತ ಸೊಸೆ ನಿನ್ನೆ ಮಾಡಿದ್ದನ್ನೂ ಮುಟ್ಟದವರು, ತಿಂಗಳುಗಟ್ಟಲೆ ಇಟ್ಟದ್ದನ್ನು ಹೇಗೆ ಮುಟ್ಟಿಯಾರು? ಆದರೆ ಬಾವಿಯ ಕಟ್ಟೆಯಲ್ಲಿ ಹೆಂಗಸರು ಆಡಿಕೊಳ್ಳುವುದು ನನ್ನ ಕಿವಿಗೂ ಬೀಳುತ್ತಿತ್ತು: "ಸೊಸಿಗೆ ಕೊಟ್ಟಾಳ, ತಾ ಬಾಯಾಗ ಹಾಕಿಲ್ಲ ನೋಡ." ಎಷ್ಟು ತಿಳಿದರೂ ಮನಸ್ಸು ಕೇಳಬೇಕಲ್ಲ. ಅವರು ಮತ್ತೆ ನನ್ನ ಹೊಸ್ತಿಲ ಹತ್ತಿರ ಬಂದು ಕೂಡಲು ಶುರುಮಾಡಿದ್ದರು, ಹೆರಳು ಹಾಕುತ್ತಿದ್ದರು. ಆದರೆ ಒಂದು ಲೋಟ ನೀರು ಕೊಡಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವರೂ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಅಪ್ಪನ ಬೊಗಸೆ ಹಾಗೇ ಇತ್ತು.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಬಂತು. ಕಾಕೂ ಪ್ರತಿ ವರ್ಷ ಪರ್ವದ ಕೊನೆಯ ದಿನಗಳಲ್ಲಿ ಬರೀ ಕಾಯಿಸಿದ ನೀರಿನ ಮೇಲೆ ಉಪವಾಸ ಇರುತ್ತಿದ್ದರು. ಈ ಸಲ ಸುನಂದಾಳ ಹೊಟ್ಟೆಯ ಕೂಸಿನ ಸಲುವಾಗಿ ಇನ್ನೂ ಕಠಿಣ ಹಿಡಿದರು. ಗಲ್ಲ ಒಳಗೆ ಹೋದವು, ಬಸದಿಗೆ ಗೋಡೆ ಹಿಡಿದು ನಡೆದರು. ಊರಿನ ಜೈನರ ಮನೆಗಳಲ್ಲೆಲ್ಲ ಅವರ ಪಾರಣೆ ತಮ್ಮ ಮನೆಯಲ್ಲಿ ಆಗಲಿ ಎಂದು ಪೈಪೋಟಿ. ಅಂಥ ಉಪವಾಸ ಬಿಡಿಸುವುದು ದೊಡ್ಡ ಪುಣ್ಯ.

ಪಾರಣೆಯ ಹಿಂದಿನ ಸಂಜೆ ಅವರು ನನ್ನ ಹೊಸ್ತಿಲಿಗೆ ಬಂದರು. ಕೂಡಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಶಾಂತಾ, ನಾಳಿ ನನ್ನ ಪಾರಣಿ ನಿನ್ನ ಒಲಿ ಮ್ಯಾಲ."

ನನಗೆ ಕೇಳಿದ್ದು ಸರಿಯೋ ತಪ್ಪೋ ಎನಿಸಿತು. "ಕಾಕೂ, ಬ್ಯಾಡ್ರಿ. ಮಂದಿ ಏನಂದಾರು?"

ಹಿಂದೆಯೇ ಭರಮಪ್ಪ ಬಂದು ನಿಂತಿದ್ದ. ಅವನೂ ಅದನ್ನೇ ಹೇಳಿದ. "ಅವ್ವಾ, ಊರ ಮಂದಿ—"

"ಉಪಾಸ ಊರ ಮಂದಿ ಮಾಡ್ಯಾರೇನೋ ಭರಮಾ? ನಾ ಮಾಡೇನಿ. ಎಲ್ಲಿ ಬಿಡಬೇಕು ಅನ್ನೂದ ನನಗ ಬಿಡು." ದನಿ ಕ್ಷೀಣವಾಗಿತ್ತು, ಆದರೂ ಅವನು ಮತ್ತೆ ಮಾತಾಡಲಿಲ್ಲ. ಅವನು ಹೋದ ಮೇಲೆ ಕಾಕೂ ನನ್ನ ಕಡೆ ತಿರುಗಿದರು.

"ಅವತ್ತ ನಿಮ್ಮಪ್ಪ ಬೊಗಸಿ ಒಡ್ಡಿದ. ನಾ ಮ್ಯಾಲಿಂದ ಎರದ್ನಿ. ನೀ ಬಾಗಲದಾಗ ನಿಂತ ನೋಡಿದಿ. ನೀ ನೋಡಿದ್ದನ್ನ ನಾ ನೋಡಿದ್ನಿ. ಅವತ್ತಿನಿಂದ ಬಸ್ತ್ಯಾಗ ಕಣ್ಣ ಮುಚ್ಚಿದ್ರ ಸ್ವಾಮಿಗಳ ಮುಖ ಬರೂದಿಲ್ಲ, ನಿಮ್ಮಪ್ಪನ ಕೈ ಬರತಾವ. ಇಷ್ಟ ಉಪಾಸ ಮಾಡಿ ನಾ ಏನ ಗಳಿಸಿದಂಗಾತು ಹೇಳು?"

ನಾನು ಒಲೆಯ ಮುಂದಿನಿಂದ ಎದ್ದು ನಿಂತೆ.

"ಬಾಟ್ಲ್ಯಾಗಿಂದ ನಾ ತಿನ್ನಾಂಗಿಲ್ಲ, ಅದು ನನ್ನ ನೇಮ. ಬಿಸಿದ ಮಾಡ. ಹೆಸರಬ್ಯಾಳಿ ಗಂಜಿ. ನೀರ ಎರಡ ಸಲ ಸೋಸು. ಹೊತ್ತ ಏರಿದ ಮ್ಯಾಲ ಬರ್ತೇನಿ."

ಆ ಸಂಜೆ ನಾನು ಒಲೆ ಸಾರಿಸಿದೆ, ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಬೆಳಿಗ್ಗೆ ಎದ್ದು ಮಿಂದು, ಹೊಸ ಅರಿವೆಯಲ್ಲಿ ಬಾವಿಯ ನೀರು ಸೋಸಿದೆ. ಅರಿವೆಯನ್ನು ಕಾಕೂ ಕಲಿಸಿದ ಹಾಗೆ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು, ಬಾವಿಗೇ ತಿರುಗಿ ಜಾಲಿಸಿದೆ. ಹೆಸರುಬೇಳೆ ಹುರಿದು, ಅಕ್ಕಿಯ ನುಚ್ಚು ಕೂಡಿಸಿ, ಗಟ್ಟಿಯಾಗದಂತೆ ತಿರುವುತ್ತ ಕೂತೆ. ತುಪ್ಪದ ಮಿಳ್ಳಿಯನ್ನು ಸುನಂದಾ ತಂದುಕೊಟ್ಟು, "ಅತ್ತಿ ಬಸದಿಯಿಂದ ಹೊಂಟಾರ" ಎಂದು ಪಿಸುಗುಟ್ಟಿದಳು. ಅವಳ ಹೊಟ್ಟೆ ಆಗ ಸೀರೆಯ ಮೇಲೂ ಕಾಣುವಷ್ಟಾಗಿತ್ತು.

ಕಾಕೂ ಬಂದರು. ಅವರ ಹಿಂದೆ ಬಸದಿಯಿಂದ ಬಂದ ಹೆಂಗಸರು, ಬದಿಯ ಓಣಿಯವರು, ಎಲ್ಲರ ಮುಂದೆ ಗಂಗವ್ವ. ಯಾರೂ ಒಳಗೆ ಬರಲಿಲ್ಲ. ಬಾಗಿಲಿನ ಹೊರಗೆ, ಮಳೆ ನಿಂತು ಬಿಸಿಲು ಬಿದ್ದಿದ್ದ ಹಿತ್ತಲಲ್ಲಿ ನಿಂತು ನೋಡಿದರು. ಕಾಕೂ ಮಾತ್ರ ಹೊಸ್ತಿಲು ದಾಟಿ, ನಾನು ಹಾಕಿದ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಆಮೇಲೆ ಬಟ್ಟಲಿಗಾಗಿ ಕೈ ಚಾಚಿದರು. ನಾನು ನೆಲದ ಮೇಲೆ ಇಡಲು ಹೋದೆ.

"ಕೈಯಾಗ ಕೊಡವಾ," ಎಂದರು.

ಕೊಟ್ಟೆ. ಅವರ ಬೆರಳು ನನ್ನ ಬೆರಳಿಗೆ ತಾಗಿದವು. ಮೊದಲ ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಎರಡನೆಯದು. ಮೂರನೆಯದು. ಕೊನೆಗೆ ಗಂಗವ್ವನಿಗೇ ತಡೆಯಲಾಗಲಿಲ್ಲ.

"ಕಾಕೂ, ಹ್ಯಾಂಗ ಆಗೇತ್ರಿ?"

ಕಾಕೂ ಬಟ್ಟಲು ಕೆಳಗಿಳಿಸಿ, ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೊಣಕೈಯಿಂದ ಮೇಲೆ ತಳ್ಳಿದರು.

"ಉಪ್ಪ ಕಡಿಮಿ ಬಿದ್ದೈತಿ," ಎಂದರು. ಬಟ್ಟಲನ್ನು ನನ್ನ ಕಡೆ ಮತ್ತೆ ಚಾಚಿದರು. "ಇನ್ನೊಂದ ಸವಟ ಹಾಕ."

ಹೊರಗೆ ಎಲ್ಲರೂ ಒಮ್ಮೆಲೇ ನಕ್ಕರು. ನಾನು ಉಪ್ಪಿಗಾಗಿ ತಡಕಾಡಿದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಮಸಾಲೆಯ ಡಬ್ಬಿಗೆ ಕೈ ಹೋಯಿತು, ಬೆಲ್ಲದ ಗಡಿಗೆಗೆ ಹೋಯಿತು.

"ಅಯ್ಯ, ಇಲ್ಲೇ ಐತೆಲ್ರಿ ಅಕ್ಕೋರ," ಎಂದು ಗಂಗವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಒಲೆಯ ಪಕ್ಕದ ಉಪ್ಪಿನ ಮರಿಗೆಯನ್ನು ತಾನೇ ಎತ್ತಿಕೊಂಡು, ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಕಾಕೂನ ಬಟ್ಟಲಿಗೆ ಹಾಕಿ, ನನ್ನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು.

"ನನಗೂ ಒಂದ ಬಟ್ಟಲ ಹಾಕ್ರಿ," ಎಂದಳು. "ಹೊರಗ ನಿಂತ ನಿಂತ ಹಸಿವಾಗೇತಿ."